ಕಿರಿಯ ಸುರುಳಿ, ಹಿರಿಯ ನೆನಪು

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಭತ್ತದ ಸೀಮೆಯ ಊರು. ಲಕ್ಕವಳ್ಳಿಯ ಅಣೆಕಟ್ಟಿನಿಂದ ಭದ್ರೆಯ ನೀರು ನಾಲೆಗಳಲ್ಲಿ ಹರಿದು ಬರುವ ಈ ಪ್ರದೇಶದಲ್ಲಿ ನಾಟಿಯ ಕಾಲ ಬಂದಿತೆಂದರೆ ನೋಡತಕ್ಕ ನೋಟಗಳಿಗೆ ಕೊರತೆಯಿಲ್ಲ. ಸಸಿಮಡಿಯಿಂದ ಕಿತ್ತ ಸಸಿಯ ಕಟ್ಟು ಒಬ್ಬನ ಕೈಯಿಂದ ಹಾರಿ ಕೆಸರಿನಲ್ಲಿ ಬೀಳುತ್ತದೆ. ಸಾಲುಗಟ್ಟಿ ಬಾಗಿದ ಹೆಂಗಸರು ಅದನ್ನು ಬಿಚ್ಚಿ, ಒಂದು ಹೆಜ್ಜೆ ಹಿಂದಕ್ಕೆ ಇಡುತ್ತ, ಒಂದೊಂದು ಹಿಡಿಯನ್ನು ಮುಂದಕ್ಕೆ ಊರುತ್ತ ಹೋಗುತ್ತಾರೆ. ಒಳ್ಳೆಯದೊಂದು ಛಾಯಾಚಿತ್ರ ಆ ಬಾಗಿದ ಬೆನ್ನನ್ನು ತೋರಿಸೀತು. ಆ ಲಯವನ್ನು ತೋರಿಸಲಾರದು. ನಾಟಿಯ ಯಂತ್ರವೂ ಕೊಯ್ಲಿನ ಯಂತ್ರವೂ ಗದ್ದೆಗಿಳಿದಿರುವ ಈ ಕಾಲದಲ್ಲಿ ರೋಣಗಲ್ಲು ಕಣದ ಮೂಲೆ ಸೇರಿದೆ. ಹಂತಿಯ ಎತ್ತುಗಳು ಮೇಟಿಯ ಸುತ್ತ ಸುತ್ತಿದ ಬಗೆಯನ್ನು ಕಣ್ಣಾರೆ ಕಂಡವರು ಹಿರಿಯರು ಮಾತ್ರ. ಎತ್ತಿನ ನಡೆ, ಹಂತಿಯ ಪದ ಹಾಡುವವನ ಕೈಯ ಬೀಸು, ಮೊರದಿಂದ ತೂರುವಾಗ ಗಾಳಿಗೆ ಹಾರುವ ಹೊಟ್ಟು, ಇವು ಮಾತಿಗೂ ಪೂರ್ತಿ ಸಿಕ್ಕುವುದಿಲ್ಲ, ನಿಂತ ಚಿತ್ರಕ್ಕೂ ಸಿಕ್ಕುವುದಿಲ್ಲ. ಇವುಗಳನ್ನು ಹಿಡಿಯಬಲ್ಲುದು ಚಲಚ್ಚಿತ್ರವೊಂದೇ.

ಚಲಚ್ಚಿತ್ರವೆಂದೊಡನೆ ಸ್ಟುಡಿಯೋ, ನಟನಟಿಯರು, ಲಕ್ಷಾಂತರ ರೂಪಾಯಿಗಳ ಬಂಡವಾಳ ಎಂದು ಭಾವಿಸುವುದು ರೂಢಿ. ಆದರೆ ಅದೇ ಯಂತ್ರವಿದ್ಯೆಯ ಇನ್ನೊಂದು ಸಂತಾನವೂ ಉಂಟು. ಅದು ಮನೆಯ ಜಗಲಿಯ ಮೇಲೆ ಬೆಳೆದುದು, ಮಕ್ಕಳ ಮೊದಲ ಹೆಜ್ಜೆಯನ್ನೂ ಮದುವೆಯ ದಿಬ್ಬಣವನ್ನೂ ಹಿಡಿದಿಟ್ಟುದು. ಅಗಲ ಕಿರಿದಾದ ಫಿಲ್ಮಿನ ಮೇಲೆ ಹವ್ಯಾಸಿಗಳು ತೆಗೆದ ಈ ಚಿತ್ರಗಳ ಕಥೆ ನೂರು ವರ್ಷಗಳನ್ನು ಮೀರಿದೆ.

ಚಿತ್ರಮಂದಿರದ ಫಿಲ್ಮಿನ ಅಗಲ 35 ಮಿ.ಮೀ. ಮೊದಲಲ್ಲಿ ಅದನ್ನು ನೈಟ್ರೇಟ್ ಎಂಬ ಪದಾರ್ಥದಿಂದ ಮಾಡುತ್ತಿದ್ದರು. ಅದಕ್ಕೆ ಬೆಂಕಿ ತಗುಲಿತೆಂದರೆ ಆರಿಸುವುದು ದುಸ್ಸಾಧ್ಯ. ಅಂತಹ ವಸ್ತುವನ್ನು ಸಂಸಾರಿಯ ಮನೆಯೊಳಕ್ಕೆ ಬಿಡುವುದುಂಟೆ? ಆದುದರಿಂದ ಮನೆಬಳಕೆಯ ಫಿಲ್ಮು ಸುಲಭವಾಗಿ ಹೊತ್ತಿಕೊಳ್ಳದ ಅಸಿಟೇಟಿನದಾಗಿರಬೇಕೆಂದು ನಿಶ್ಚಯವಾಯಿತು. 1922ರಲ್ಲಿ ಫ್ರಾನ್ಸಿನ ಪಾಥೆ ಸಂಸ್ಥೆ 9.5 ಮಿ.ಮೀ. ಫಿಲ್ಮನ್ನು ಹೊರತಂದಿತು; ಅದರ ರಂಧ್ರಗಳು ಅಂಚಿನಲ್ಲಿರದೆ ಚಿತ್ರಚಿತ್ರಗಳ ನಡುವೆ ಇರುತ್ತಿದ್ದುವು. ಮರುವರ್ಷ, 1923ರಲ್ಲಿ, ಅಮೆರಿಕದ ಕೊಡಕ್ ಸಂಸ್ಥೆ 16 ಮಿ.ಮೀ. ಫಿಲ್ಮನ್ನು ತಂದಿತು. 1932ರಲ್ಲಿ ಅದೇ ಸಂಸ್ಥೆಯಿಂದ 8 ಮಿ.ಮೀ. ಹುಟ್ಟಿತು.

ಈ 8 ಮಿ.ಮೀ. ಫಿಲ್ಮಿನ ಉಪಾಯ ಮೆಚ್ಚತಕ್ಕದ್ದು. ಕ್ಯಾಮೆರಾಕ್ಕೆ ಹಾಕುತ್ತಿದ್ದುದು 16 ಮಿ.ಮೀ. ಅಗಲದ, 25 ಅಡಿ ಉದ್ದದ ಸುರುಳಿಯನ್ನೇ. ಮೊದಲ ಸಲ ಅದರ ಒಂದು ಪಕ್ಕದ ಮೇಲೆ ಮಾತ್ರ ಚಿತ್ರ ಮೂಡುವುದು. ಸುರುಳಿ ಮುಗಿದೊಡನೆ ಅದನ್ನು ಮಗುಚಿ ಹಾಕಿದರೆ ಮತ್ತೊಂದು ಪಕ್ಕ. ಸಂಸ್ಕರಣಾಲಯದವರು ಅದನ್ನು ತೊಳೆದು, ನಡುವೆ ಉದ್ದಕ್ಕೆ ಸೀಳಿ, ಎರಡು ತುಂಡುಗಳನ್ನೂ ಜೋಡಿಸಿ 50 ಅಡಿಯ ಸುರುಳಿಯಾಗಿ ಹಿಂದಕ್ಕೆ ಕಳುಹಿಸುತ್ತಿದ್ದರು. ಅಡಿಗೆ 80 ಚಿತ್ರಗಳಂತೆ ಅದರಲ್ಲಿ 4,000 ಚಿತ್ರಗಳು. ಸೆಕೆಂಡಿಗೆ 16ರಂತೆ ಓಡಿಸಿದರೆ ನಾಲ್ಕು ನಿಮಿಷ ಹತ್ತು ಸೆಕೆಂಡುಗಳ ನೋಟ. ಮಗುಚಿ ಹಾಕಿದುದನ್ನು ಮರೆತು ಮತ್ತೆ ಅದೇ ಪಕ್ಕವನ್ನು ಓಡಿಸಿ, ಮದುವೆಯ ಮಂಟಪದ ಮೇಲೆ ಜಾತ್ರೆಯ ತೇರನ್ನು ಎಳೆಸಿದ ಹವ್ಯಾಸಿಗಳು ಲೋಕದ ಎಲ್ಲ ಕಡೆಯೂ ಇದ್ದರು. 1965ರಲ್ಲಿ ಬಂದ ‘ಸೂಪರ್ 8’ ಈ ತೊಡಕನ್ನು ನಿವಾರಿಸಿತು. ಫಿಲ್ಮು ಡಬ್ಬಿಯೊಳಗೇ ಅಡಕವಾಗಿ ಬಂದುದರಿಂದ ಬೆಳಕು ತಗುಲುವ ಭಯವಿಲ್ಲದೆ ಕ್ಯಾಮೆರಾಕ್ಕೆ ಸೇರಿಸಬಹುದಾಯಿತು. ರಂಧ್ರಗಳನ್ನು ಚಿಕ್ಕದಾಗಿಸಿ ಚಿತ್ರದ ವಿಸ್ತೀರ್ಣವನ್ನು ಸುಮಾರು ಅರ್ಧದಷ್ಟು ಹೆಚ್ಚಿಸಿದರು. ಈ ಡಬ್ಬಿಯಲ್ಲಿಯೂ 50 ಅಡಿ. ಅಡಿಗೆ 72 ಚಿತ್ರಗಳಂತೆ 3,600 ಚಿತ್ರಗಳು. ಸೆಕೆಂಡಿಗೆ 18ರ ವೇಗದಲ್ಲಿ ಮೂರು ನಿಮಿಷ ಇಪ್ಪತ್ತು ಸೆಕೆಂಡುಗಳು.

ಮೂರು ನಿಮಿಷ ಇಪ್ಪತ್ತು ಸೆಕೆಂಡುಗಳು! ಈ ಹವ್ಯಾಸದ ಕಷ್ಟವೂ ಸೊಗಸೂ ಈ ಲೆಕ್ಕದಲ್ಲಿಯೇ ಅಡಗಿವೆ. ಷಟ್ಪದಿಯನ್ನು ಬರೆಯುವ ಕವಿಗೆ ಮಾತ್ರೆಗಳ ಕಟ್ಟು ಇರುವಂತೆ ಈ ಹವ್ಯಾಸಿಗೆ ಅಡಿಗಳ ಕಟ್ಟು. ಒಂದೊಂದು ನೋಟಕ್ಕೆ ಎಂಟು ಸೆಕೆಂಡು ಎಂದಿಟ್ಟುಕೊಂಡರೆ ಒಂದು ಸುರುಳಿಯಲ್ಲಿ ಇಪ್ಪತ್ತೈದೇ ನೋಟಗಳು. ಕತ್ತಲಗೆರೆಯ ಒಂದು ಗದ್ದೆಯ ವರ್ಷವನ್ನು ಇಪ್ಪತ್ತೈದು ನೋಟಗಳಲ್ಲಿ ಹೇಳಬೇಕಾದರೆ ಏನನ್ನು ತೆಗೆಯಬೇಕು, ಏನನ್ನು ಬಿಡಬೇಕು? ನಾಲೆಯ ತೂಬು ಎತ್ತಿದ ಕೂಡಲೆ ನುಗ್ಗುವ ನೀರಿಗೆ ಒಂದು. ಕೆಸರು ಮಾಡಿ ಮಟ್ಟ ಹೊಡೆಯುವುದಕ್ಕೆ ಎರಡು. ಸಸಿ ಕೀಳುವ ಬೆರಳುಗಳ ಹತ್ತಿರದ ನೋಟ ಒಂದು, ಕಟ್ಟು ಹಾರುವುದು ಒಂದು, ನಾಟಿಯ ಸಾಲಿನ ದೂರದ ನೋಟ ಒಂದು. ಹೀಗೆ ಎಣಿಸುತ್ತ ಹೋದರೆ ರಾಶಿಪೂಜೆಯ ಹೊತ್ತಿಗೆ ಕೈಯಲ್ಲಿ ಎರಡೇ ನೋಟಗಳು ಉಳಿದಿರುತ್ತವೆ. ಆಗ ಹವ್ಯಾಸಿ ಕ್ಯಾಮೆರಾವನ್ನು ಕೆಳಗಿಟ್ಟು ನೋಡಲು ಕಲಿಯುತ್ತಾನೆ. ಗುಂಡಿ ಒತ್ತುವ ಮೊದಲು, ಕೆಲಸ ಮಾಡುವವರ ಕೈ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ, ಯಾವ ಕ್ಷಣದಲ್ಲಿ ಅವರು ತಲೆಯೆತ್ತಿ ನಗುತ್ತಾರೆ ಎಂಬುದನ್ನು ಹತ್ತಾರು ಸಲ ನೋಡಿಕೊಳ್ಳಬೇಕಾಗುತ್ತದೆ. ಒಂದೇ ಊರಿನಲ್ಲಿ ಇಪ್ಪತ್ತು ವರ್ಷ ಇದ್ದವನು ತನ್ನ ಊರನ್ನು ಮೊದಲ ಬಾರಿಗೆ ನೋಡುವುದು ಹೀಗೆ.

ಹಳೆಯ ಕೈಪಿಡಿಗಳು ಹವ್ಯಾಸಿಗೆ ಹೇಳುತ್ತಿದ್ದ ಬುದ್ಧಿವಾದ ಇಂದಿಗೂ ಸಲ್ಲುತ್ತದೆ. ಕ್ಯಾಮೆರಾವನ್ನು ಗದ್ದೆಗೆ ನೀರು ಹಾಯಿಸುವವನಂತೆ ಅತ್ತಿತ್ತ ತಿರುಗಿಸತಕ್ಕದ್ದಲ್ಲ. ಅದು ನಿಂತಿರಲಿ, ಚಲಿಸುವುದು ಮುಂದಿನ ವಸ್ತುವಾಗಲಿ. ಮುಕ್ಕಾಲಿಯಿದ್ದರೆ ಉತ್ತಮ, ಇಲ್ಲದಿದ್ದರೆ ಬೆನ್ನಿಗೊಂದು ಮರವಾದರೂ ಬೇಕು. ಮೊದಲು ದೂರದ ನೋಟದಿಂದ ಸ್ಥಳವನ್ನು ಪರಿಚಯಿಸಿ, ನಡುನೋಟದಿಂದ ವ್ಯಕ್ತಿಯನ್ನು ತೋರಿಸಿ, ಹತ್ತಿರದ ನೋಟದಿಂದ ಕೈಯನ್ನೋ ಮುಖವನ್ನೋ ತೋರಿಸಬೇಕು. ನೀರು ನಿಂತ ಗದ್ದೆಯಲ್ಲಿ ನಡುಹಗಲಿನ ಬೆಳಕು ಕೆಳಗಿನಿಂದಲೂ ಚಿಮ್ಮುವುದರಿಂದ ಲೆನ್ಸಿನ ಕಿಂಡಿಯನ್ನು ಕಿರಿದುಗೊಳಿಸದಿದ್ದರೆ ಮುಖಗಳೂ ನೀರೂ ಒಂದೇ ಬಿಳುಪಾಗಿ ಹೋಗುತ್ತವೆ. ಬೆಳಗಿನ ಒಂಬತ್ತಕ್ಕೆ ಮೊದಲು, ಸಂಜೆ ನಾಲ್ಕರ ಅನಂತರ ತೆಗೆದ ಚಿತ್ರಕ್ಕೆ ಹದವಾದ ನೆರಳು ದೊರೆಯುತ್ತದೆ. ಸ್ವಿಟ್ಜರ್ಲೆಂಡಿನ ಪೈಯಾರ್ ಸಂಸ್ಥೆ 1935ರಲ್ಲಿ ತಂದ ಬೋಲೆಕ್ಸ್ 16 ಮಿ.ಮೀ. ಕ್ಯಾಮೆರಾದಲ್ಲಿ ವಿದ್ಯುತ್ತೇ ಬೇಕಾಗಿರಲಿಲ್ಲ. ಗಡಿಯಾರಕ್ಕೆ ಕೀಲಿ ಕೊಟ್ಟಂತೆ ಕೊಟ್ಟರೆ ಸುಮಾರು ಅರ್ಧ ನಿಮಿಷ ಓಡುತ್ತಿತ್ತು. ದೀಪವಿಲ್ಲದ ಹಳ್ಳಿಗೆ ಇದಕ್ಕಿಂತ ಅನುಕೂಲವಾದ ಯಂತ್ರವಿದ್ದೀತೆ?

ಚಿತ್ರ ತೆಗೆದಲ್ಲಿಗೆ ಕೆಲಸ ಅರ್ಧ ಮುಗಿಯಿತು. ಸುರುಳಿ ಸಂಸ್ಕರಣಾಲಯದಿಂದ ಅಂಚೆಯಲ್ಲಿ ಮರಳಿದ ಮೇಲೆ ರಾತ್ರಿಯ ಕೆಲಸ ಆರಂಭ. ಚಿಕ್ಕದೊಂದು ಗಾಜಿನ ಕಿಂಡಿಯಲ್ಲಿ ಒಂದೊಂದು ಚಿತ್ರವನ್ನೂ ನೋಡುತ್ತ, ಬೇಡವಾದುದನ್ನು ಕತ್ತರಿಸಿ, ಬೇಕಾದ ತುಂಡುಗಳ ತುದಿಯಲ್ಲಿ ಮೇಲಿನ ಲೇಪವನ್ನು ಕೆರೆದು, ಅಂಟು ಹಚ್ಚಿ, ಒತ್ತಿ ಹಿಡಿದು ಜೋಡಿಸಬೇಕು. ಸಸಿ ಎಸೆದ ನೋಟದ ಮುಂದೆ ಅದು ನೀರಿನಲ್ಲಿ ಬಿದ್ದ ನೋಟವನ್ನು ಇಟ್ಟರೆ, ನಡುವೆ ಗಂಟೆಯೇ ಕಳೆದಿದ್ದರೂ ನೋಡುವವನ ಕಣ್ಣು ಅವೆರಡನ್ನೂ ಒಂದೇ ಕ್ರಿಯೆಯಾಗಿ ಕೂಡಿಸಿಕೊಳ್ಳುತ್ತದೆ. ಚಲಚ್ಚಿತ್ರಕಲೆಯ ಮರ್ಮವೆಲ್ಲ ಈ ಅಂಟಿನ ಗುಟ್ಟು. ಕೋಟಿ ರೂಪಾಯಿಯ ಚಿತ್ರಕ್ಕೂ ಮನೆಯ ಸುರುಳಿಗೂ ಇಲ್ಲಿ ಭೇದವಿಲ್ಲ.

ಕಿರಿಯ ಫಿಲ್ಮು ಕಿರಿಯ ಕೆಲಸಕ್ಕೇ ಸರಿ ಎನ್ನುವವರಿಗೆ ಎರಡು ನಿದರ್ಶನಗಳು ಸಾಕು. ಹಳ್ಳಿಯಲ್ಲಿ, ಮಳೆಯಲ್ಲಿ, ಮಬ್ಬು ಬೆಳಕಿನಲ್ಲಿ ಚಿತ್ರೀಕರಣ ಅಸಾಧ್ಯವೆಂದು ಅನುಭವಿಗಳು ಹೇಳಿದಾಗ ಸತ್ಯಜಿತ್ ರಾಯ್ ಅವರು 16 ಮಿ.ಮೀ. ಕ್ಯಾಮೆರಾವೊಂದನ್ನು ಹಳ್ಳಿಗೆ ಕೊಂಡೊಯ್ದು, ಮಳೆಯಲ್ಲಿಯೂ ಮುಸ್ಸಂಜೆಯಲ್ಲಿಯೂ ಪರೀಕ್ಷಿಸಿ ನೋಡಿದರು. ಚಿತ್ರ ಮೂಡಿತು. ಆ ಧೈರ್ಯದ ಮೇಲೆ ನಿಂತುದು 1955ರಲ್ಲಿ ತೆರೆಕಂಡ ‘ಪಥೇರ್ ಪಾಂಚಾಲಿ’. ಎರಡನೆಯದು ಕರಾಳವಾದುದು. 1963ರ ನವೆಂಬರ್ 22ರಂದು ಅಮೆರಿಕದ ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನೆಡಿಯವರ ಮೆರವಣಿಗೆಯನ್ನು ನೋಡಲು ಬಂದಿದ್ದ ಉಡುಪು ವ್ಯಾಪಾರಿ ಏಬ್ರಹಾಂ ಜಪ್ರೂಡರ್ ತನ್ನ 8 ಮಿ.ಮೀ. ಕ್ಯಾಮೆರಾವನ್ನು ಓಡಿಸುತ್ತಿದ್ದನು. ಇಪ್ಪತ್ತೇಳು ಸೆಕೆಂಡೂ ತುಂಬದ ಆ 486 ಚಿತ್ರಗಳು ಆ ಹತ್ಯೆಯ ಮುಖ್ಯ ಸಾಕ್ಷ್ಯವಾಗಿ ಲೋಕಪ್ರಸಿದ್ಧವಾದುವು. ವೃತ್ತಿಯವರು ಇಲ್ಲದ ಕಡೆ ಹವ್ಯಾಸಿ ಇರುತ್ತಾನೆ. ಚರಿತ್ರೆ ಕೆಲವೊಮ್ಮೆ ಅವನ ಎದುರಿಗೇ ನಡೆದುಬಿಡುತ್ತದೆ.

ಕನ್ನಡನಾಡಿನಲ್ಲಿಯೂ ಈ ಕುತೂಹಲಕ್ಕೆ ಹಿರಿಯರ ಮೇಲ್ಪಂಕ್ತಿಯಿದೆ. ಕಾದಂಬರಿ, ಯಕ್ಷಗಾನ, ವಿಜ್ಞಾನ ಎಂದು ಎಲ್ಲದರಲ್ಲಿಯೂ ಕೈಯಿಟ್ಟ ಶಿವರಾಮ ಕಾರಂತರು ಮೂಕಿಯ ಕಾಲದಲ್ಲಿಯೇ ಚಲಚ್ಚಿತ್ರವನ್ನೂ ಬಿಡಲಿಲ್ಲ. ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಎರಡು ಚಿತ್ರಗಳನ್ನು ತೆಗೆದರು. ಆದರೆ ಕಿರಿಯ ಫಿಲ್ಮಿನ ಮಹಿಮೆಯನ್ನು ಹಳ್ಳಿಗರಿಗೆ ತೋರಿಸಿಕೊಟ್ಟ ಪ್ರಸಂಗವೆಂದರೆ ಸಾಗರ ತಾಲ್ಲೂಕಿನ ಹೆಗ್ಗೋಡಿನದು. 1949ರಲ್ಲಿ ಹುಟ್ಟಿದ ನೀನಾಸಂ ಎಂಬ ನಾಟಕ ಸಂಘ ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1973ರಲ್ಲಿ ಚಿತ್ರಸಮಾಜವೊಂದನ್ನು ತೆರೆಯಿತು. ಪುಣೆಯಲ್ಲಿ 1964ರಲ್ಲಿ ಸ್ಥಾಪಿತವಾಗಿದ್ದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯದಿಂದ ಜಗತ್ತಿನ ಶ್ರೇಷ್ಠ ಚಿತ್ರಗಳ ಪ್ರತಿಗಳು ಆ ಅಡಿಕೆ ತೋಟಗಳ ನಡುವಿನ ಹಳ್ಳಿಗೆ ಬಂದುವು. ಇಲ್ಲಿಯೂ ಲೆಕ್ಕ ನೋಡಬೇಕು. ನೂರು ನಿಮಿಷದ ಚಿತ್ರ 35 ಮಿ.ಮೀ.ನಲ್ಲಿ 9,000 ಅಡಿ, 16 ಮಿ.ಮೀ.ನಲ್ಲಿ 3,600 ಅಡಿ, ಅಗಲವೂ ಅರ್ಧಕ್ಕಿಂತ ಕಡಮೆ. ಚಿತ್ರಮಂದಿರ ಬೇಕಾದ ಹೊರೆ ಬಸ್ಸಿನ ಮೇಲೆ ಹೇರಬಹುದಾದ ಪೆಟ್ಟಿಗೆಯಾಯಿತು. 1979ರಲ್ಲಿ ಅಲ್ಲಿಯೇ ಚಲಚ್ಚಿತ್ರ ರಸಗ್ರಹಣ ಶಿಬಿರ ಆರಂಭವಾಯಿತು. ಕುರೊಸಾವನ ‘ರಾಶೋಮನ್’, ಡಿ ಸಿಕಾನ ‘ಬೈಸಿಕಲ್ ಥೀವ್ಸ್’, ಮೇಲೆ ಹೇಳಿದ ‘ಪಥೇರ್ ಪಾಂಚಾಲಿ’ಗಳನ್ನು ನೋಡಿದ ಹಳ್ಳಿಗರು ದಶಕಗಳ ಅನಂತರವೂ ಅವನ್ನು ನೆನೆದು ಮಾತಾಡುವುದನ್ನು ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ 2012ರ ಸಾಕ್ಷ್ಯಚಿತ್ರದಲ್ಲಿ ಕಾಣಬಹುದು. ಶಿವೇಂದ್ರ ಸಿಂಗ್ ಡುಂಗರ್‌ಪುರ್ ತೆಗೆದ ಆ ಚಿತ್ರ, ಪುಣೆಯ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ. ಕೆ. ನಾಯರ್ ಅವರನ್ನು ಕುರಿತುದು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ಹಳ್ಳಿಗನಿಗೆ ಅರ್ಥವಾಗದೆಂದು ಪಟ್ಟಣಿಗರು ಎತ್ತಿಟ್ಟುದನ್ನು ಹಳ್ಳಿಗನ ಮುಂದಿಟ್ಟು ನೋಡಿದ ಪ್ರಯೋಗ ಅದು. ಫಿಲ್ಮು ಹಗುರವಾಗಿರದಿದ್ದರೆ ಆ ಪ್ರಯೋಗದ ದಾರಿ ಬಹಳ ಕಡಿದಾಗುತ್ತಿತ್ತು.

ಇಷ್ಟು ಹೇಳಿದ ಮೇಲೆ ಆತಂಕದ ವಿಷಯಕ್ಕೆ ಬರಬೇಕು. ಹವ್ಯಾಸಿಗಳು ಹೆಚ್ಚಾಗಿ ಬಳಸಿದುದು ‘ರಿವರ್ಸಲ್’ ಎಂಬ ಜಾತಿಯ ಫಿಲ್ಮು. ಸಾಧಾರಣ ಫಿಲ್ಮಿನಲ್ಲಿ ಮೊದಲು ನೆಗೆಟಿವ್ ಸಿದ್ಧವಾಗುತ್ತದೆ, ಅದರಿಂದ ಬೇಕಾದಷ್ಟು ಪ್ರತಿಗಳನ್ನು ತೆಗೆಯಬಹುದು. ರಿವರ್ಸಲ್ ಫಿಲ್ಮಿನಲ್ಲಿ ಹಾಗಲ್ಲ. ಮೊದಲ ರಾಸಾಯನಿಕ ಸ್ನಾನದಲ್ಲಿ ಮೂಡಿದ ನೆಗೆಟಿವ್ ಬೆಳ್ಳಿಯನ್ನು ಕರಗಿಸಿ ತೆಗೆದು, ಉಳಿದ ಲವಣವನ್ನು ಮತ್ತೆ ಬೆಳಕಿಗೊಡ್ಡಿ, ಎರಡನೆಯ ಸಲ ತೊಳೆದಾಗ ಅದೇ ಪಟ್ಟಿಯ ಮೇಲೆ ನೇರವಾದ ಚಿತ್ರ ಮೂಡುತ್ತದೆ. ಖರ್ಚು ಉಳಿಯಿತು, ನಿಜ. ಆದರೆ ಅಜ್ಜನ ಕ್ಯಾಮೆರಾದೊಳಗೆ ಆ ದಿನ ಓಡಿದ ಪಟ್ಟಿಯೇ ಇಂದು ಅಟ್ಟದ ಡಬ್ಬಿಯಲ್ಲಿರುವ ಪಟ್ಟಿ. ಅದಕ್ಕೆ ತಾಯಿಯಿಲ್ಲ, ಒಡಹುಟ್ಟಿದವರಿಲ್ಲ. ಅದು ಹೋಯಿತೆಂದರೆ ಹೋಯಿತು.

ಹೋಗುವ ದಾರಿಗಳೂ ಹಲವು. ಬೆಂಕಿಗೆ ಅಂಜದ ಅಸಿಟೇಟು ಸೆಕೆಗೂ ತೇವಕ್ಕೂ ಅಂಜುತ್ತದೆ. ವರ್ಷಗಳು ಕಳೆದಂತೆ ಅದರಿಂದ ಅಸಿಟಿಕ್ ಆಮ್ಲ ಬಿಡುಗಡೆಯಾಗಿ ಡಬ್ಬಿ ತೆರೆದೊಡನೆ ವಿನಿಗರ್ ವಾಸನೆ ಮೂಗಿಗೆ ಬಡಿಯುತ್ತದೆ. ಆ ಆಮ್ಲವೇ ಮತ್ತಷ್ಟು ಕೊಳೆತಕ್ಕೆ ಕಾರಣವಾಗುವುದರಿಂದ ರೋಗ ಒಮ್ಮೆ ಹಿಡಿದರೆ ಬೇಗ ಬಲಿಯುತ್ತದೆ. ಪಕ್ಕದ ಡಬ್ಬಿಗಳಿಗೂ ಹರಡುತ್ತದೆ. ಪಟ್ಟಿ ಕುಗ್ಗುತ್ತದೆ, ಡೊಂಕಾಗುತ್ತದೆ, ಗಡುಸಾಗಿ ಮುರಿಯುತ್ತದೆ. ಇದರ ಜೊತೆಗೆ ಮಳೆಗಾಲದ ಬೂಷ್ಟು ಬೇರೆ. ವೃತ್ತಿಯವರ ಕೃತಿಗಳಿಗೂ ಈ ಗತಿ ತಪ್ಪಲಿಲ್ಲ. ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಿಚಿತ್ರಗಳಲ್ಲಿ ಉಳಿದವು ಬೆರಳೆಣಿಕೆಯಷ್ಟು. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ದೊರೆತಿಲ್ಲ. ಊರೂರು ಸುತ್ತಿ ಸಾವಿರಾರು ಜನ ನೋಡಿದ ಚಿತ್ರವೇ ಹೀಗೆ ಮಾಯವಾದರೆ ಒಂದೇ ಪ್ರತಿಯ ಮನೆಯ ಸುರುಳಿಯ ಪಾಡೇನು?

ಆದುದರಿಂದ ಹಳೆಯ ಸುರುಳಿಗಳಿರುವ ಮನೆಯವರು ಕೆಲವು ಸಂಗತಿಗಳನ್ನು ತಿಳಿದಿರುವುದು ಕ್ಷೇಮ. ಮೊದಲನೆಯದಾಗಿ, ಹಳೆಯ ಪ್ರೊಜೆಕ್ಟರನ್ನು ಹುಡುಕಿ ಸುರುಳಿಯನ್ನು ಓಡಿಸಿಯೇ ನೋಡಬೇಕೆಂಬ ಆಸೆಯನ್ನು ತಡೆಯಬೇಕು. ಕುಗ್ಗಿದ ಫಿಲ್ಮಿನ ರಂಧ್ರಗಳು ಹಲ್ಲುಗಾಲಿಗೆ ಹೊಂದದೆ ಹರಿಯುತ್ತವೆ. ನಡುವೆ ನಿಂತರೆ ದೀಪದ ಬಿಸಿಗೆ ಸುಟ್ಟುಹೋಗುವುದೂ ಉಂಟು. ಬೆಳಕಿಗೆ ಹಿಡಿದು, ಅಂಚನ್ನು ಮಾತ್ರ ಮುಟ್ಟಿ, ಮೊದಲ ಕೆಲವು ಅಡಿಗಳನ್ನು ನೋಡಿದರೆ ಏನಿದೆಯೆಂಬುದು ತಿಳಿಯುತ್ತದೆ. ಎರಡನೆಯದಾಗಿ, ವಿನಿಗರ್ ವಾಸನೆಯ ಡಬ್ಬಿಯನ್ನು ಉಳಿದವುಗಳಿಂದ ಬೇರೆಯಿಟ್ಟು, ಅದರ ಪ್ರತಿಯನ್ನೇ ಮೊದಲು ಮಾಡಿಸಬೇಕು. ಮೂರನೆಯದಾಗಿ, ಹೆಂಚಿನ ಕೆಳಗಣ ಅಟ್ಟ ಫಿಲ್ಮಿಗೆ ಅತ್ಯಂತ ಕೆಟ್ಟ ತಾಣ. ಮನೆಯ ತಂಪಾದ, ಒಣಗಿದ ಕೋಣೆಯ ಕಪಾಟು ಲೇಸು. ನಾಲ್ಕನೆಯದಾಗಿ, ಒಂದೊಂದು ಚಿತ್ರವನ್ನೂ ಬಿಡಿಬಿಡಿಯಾಗಿ ಹಿಡಿಯುವ ಯಂತ್ರದಲ್ಲಿ ಡಿಜಿಟಲ್ ಪ್ರತಿ ತೆಗೆಸುವುದು ಉತ್ತಮ. ಗೋಡೆಯ ಮೇಲೆ ಬಿಟ್ಟ ಚಿತ್ರವನ್ನು ಮೊಬೈಲಿನಿಂದ ತೆಗೆದರೆ ಮಿನುಗು ಹೆಚ್ಚಿ ವಿವರ ಮಾಸುತ್ತದೆ. ಪ್ರತಿ ಬಂದಿತೆಂದು ಮೂಲವನ್ನು ತಿಪ್ಪೆಗೆ ಎಸೆಯತಕ್ಕದ್ದಲ್ಲ. ಮುಂದೆ ಇನ್ನೂ ಒಳ್ಳೆಯ ಯಂತ್ರ ಬಂದಾಗ ಬೇಕಾಗುವುದು ಮೂಲವೇ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಆಂಗ್ಲ ಕುಟುಂಬಗಳ ಮನೆಯ ಸುರುಳಿಗಳನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರ ಜೋಪಾನವಾಗಿ ಕಾಯ್ದಿಟ್ಟಿದೆ. ನಮ್ಮ ನಾಡಿನ ಕುಟುಂಬಗಳ ಸುರುಳಿಗಳಿಗೂ ಆ ಮರ್ಯಾದೆ ಸಲ್ಲಬೇಡವೆ? ಮುಂಬಯಿಯಲ್ಲಿ 2014ರಲ್ಲಿ ಆರಂಭವಾದ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಚಲಚ್ಚಿತ್ರ ಸಂರಕ್ಷಣೆಯ ಶಿಕ್ಷಣ ಕೊಡುತ್ತ ಬಂದಿರುವುದು ಸಮಾಧಾನದ ಸಂಗತಿ.

ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ಹವ್ಯಾಸಿಯ ಸುರುಳಿ ಸಾಮಾನ್ಯವಾಗಿ ಮೂಕ. ಅದರಲ್ಲಿ ಓಡಾಡುವವರು ಯಾರೆಂದು ಅದು ಹೇಳಲಾರದು. ಸಾಲಿನಲ್ಲಿ ಮೂರನೆಯವಳಾಗಿ ನಾಟಿ ಮಾಡುತ್ತಿರುವವಳು ಯಾರು, ತಲೆಗೆ ವಸ್ತ್ರ ಸುತ್ತಿದ ಮುದುಕ ಯಾವ ಮನೆಯವನು, ಬದುವಿನ ಮೇಲೆ ಓಡಿಬರುವ ಮಗು ಈಗ ಯಾವ ಊರಿನ ಅಜ್ಜಿ, ಇವನ್ನು ಹೇಳಬಲ್ಲವರು ಪ್ರತಿ ಹಳ್ಳಿಯಲ್ಲಿಯೂ ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಚಿತ್ರ ಉಳಿದು ಹೆಸರು ಅಳಿದರೆ ಅದು ಅನಾಥ ಚಿತ್ರ. ಹಿರಿಯರನ್ನು ಕುಳ್ಳಿರಿಸಿ, ಚಿತ್ರ ತೋರಿಸಿ, ಅವರು ಹೇಳಿದ ಹೆಸರು, ಊರು, ವರ್ಷಗಳನ್ನು ಒಂದು ಕಾಗದದ ಮೇಲೆ ಬರೆದು ಡಬ್ಬಿಯೊಂದಿಗೆ ಇಡುವುದು ಪ್ರತಿ ತೆಗೆಸುವಷ್ಟೇ ಅವಶ್ಯ.

ಈ ಹವ್ಯಾಸ ಇಂದು ಹಿಂದಿನಂತಿಲ್ಲ. ಬಣ್ಣಕ್ಕೆ ಹೆಸರಾಗಿದ್ದ ಕೊಡಕ್ರೋಮ್ ಫಿಲ್ಮಿನ ತಯಾರಿಕೆ 2009ರಲ್ಲಿ ನಿಂತಿತು. 2010ರ ಡಿಸೆಂಬರಿನಲ್ಲಿ ಅಮೆರಿಕದ ಕಾನ್ಸಾಸ್ ಪ್ರಾಂತದಲ್ಲಿದ್ದ ಅದರ ಕೊನೆಯ ಸಂಸ್ಕರಣಾಲಯ ಕೆಲಸ ನಿಲ್ಲಿಸಿತು. 2012ರಲ್ಲಿ ನಿಂತ ಎಕ್ಟಕ್ರೋಮ್ ಮಾತ್ರ 2018ರಲ್ಲಿ ಮರಳಿ ಬಂದು, ಹೊಸ ತಲೆಮಾರಿನ ಕೆಲವರು ಹಳೆಯ ಸೂಪರ್ 8 ಕ್ಯಾಮೆರಾಗಳ ಧೂಳು ಕೊಡವುವಂತೆ ಮಾಡಿದೆ. ಆದರೆ ಅದರ ಬೆಲೆಯನ್ನೂ ಅಂಚೆಯ ಖರ್ಚನ್ನೂ ಹಳ್ಳಿಯ ತರುಣ ಹೊರುವುದು ಕಷ್ಟ. ಹೊರಬೇಕಾದ ಅಗತ್ಯವೂ ಇಲ್ಲ. ಅವನ ಜೇಬಿನ ಮೊಬೈಲು ಬೋಲೆಕ್ಸಿಗಿಂತ ಸುಲಭವಾಗಿ ಚಲನೆಯನ್ನೂ ಧ್ವನಿಯನ್ನೂ ಹಿಡಿಯುತ್ತದೆ. ಅವನಿಗೆ ಇಲ್ಲದ್ದು ಅಡಿಗಳ ಕಟ್ಟು. ಗಂಟೆಗಟ್ಟಲೆ ತೆಗೆದುದನ್ನು ಯಾರೂ ಮರಳಿ ನೋಡುವುದಿಲ್ಲ. ಮೊಬೈಲು ಕಳೆದ ದಿನ ಅದೂ ಕಳೆದುಹೋಗುತ್ತದೆ. ಒಂದೇ ಪ್ರತಿಯ ಅಪಾಯ ಅಲ್ಲಿಯೂ ತಪ್ಪಿದ್ದಲ್ಲ.

ಕಟ್ಟನ್ನು ತಾನೇ ಹಾಕಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಕತ್ತಲಗೆರೆಯ ತರುಣನೊಬ್ಬ ಈ ವರ್ಷದ ನಾಟಿಯಿಂದ ರಾಶಿಯವರೆಗೆ ಇಪ್ಪತ್ತೈದೇ ನೋಟಗಳೆಂದು ನಿಶ್ಚಯಿಸಿಕೊಳ್ಳಲಿ. ಚನ್ನಗಿರಿಯ ಕಡೆಯವನು ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಕೈಗಳನ್ನು, ಹೊನ್ನಾಳಿಯವನು ತುಂಗಭದ್ರೆಯ ದಡವನ್ನು, ಜಗಳೂರಿನವನು ಮಳೆಗಾಗಿ ಕಾಯುವ ಹೊಲವನ್ನು ಅಷ್ಟೇ ಮಿತದಲ್ಲಿ ಹಿಡಿಯಲಿ. ತೆಗೆದುದನ್ನು ಜೋಡಿಸಿ, ಹೆಸರುಗಳನ್ನು ಬರೆದು, ಎರಡು ಕಡೆಯಲ್ಲಿ ಎರಡು ಪ್ರತಿ ಇಡಲಿ. ಮೂರು ನಿಮಿಷ ಇಪ್ಪತ್ತು ಸೆಕೆಂಡುಗಳು ಮೊಮ್ಮಕ್ಕಳಿಗೆ ಕಡಮೆಯೆನಿಸಲಾರವು. ಹಂತಿಯ ಎತ್ತುಗಳ ಒಂದು ಸುತ್ತನ್ನಾದರೂ ಹೀಗೆ ಯಾರಾದರೂ ತೆಗೆದಿಟ್ಟಿದ್ದರೆ, ಅದನ್ನು ಮತ್ತೊಮ್ಮೆ ನೋಡಲು ಇಂದು ಎಷ್ಟು ಮಂದಿ ಮುದುಕರು ಗೋಡೆಯ ಮುಂದೆ ಬಂದು ಕೂಡುತ್ತಿದ್ದರು!